ಮಕ್ಕಳು-ಮರಿ ಕಟ್ಟಿಕೊಂಡು ಬಾದಾಮಿಗೆ

ಬೆಳಗ್ಗೆ ಬಾದಾಮಿ, ಮಧ್ಯಾಹ್ನ ಪಟ್ಟದಕಲ್ಲು, ಸಂಜೆ ಐಹೊಳೆ. ಒಂದೇ ದಿನಕ್ಕೆ ಮೂರನ್ನೂ ತುರುಕಿದರೆ ಮಕ್ಕಳಿಗೆ ನೆನಪಿನಲ್ಲಿ ಉಳಿಯುವುದು ಕಾರಿನ ಸೀಟು ಮತ್ತು ಕಾದ ಕಲ್ಲು ಮಾತ್ರ. ಬಾದಾಮಿಗೆ ಹೋಗಿ ಸುಸ್ತಾಗಿ ಬಂದವರ ಗೋಳೆಲ್ಲ ಹೆಚ್ಚುಕಡಿಮೆ ಇದೇ. ಎರಡು ರಾತ್ರಿ ಊರಲ್ಲೇ ಉಳಿಯುವಂತೆ ಹೊರಡಿ: ಒಂದು ಪೂರ್ತಿ ದಿನ ಕೆರೆಯ ಸುತ್ತ, ಇನ್ನೊಂದು ದಿನ ಹೊರಗೆ.

ಊರಿನ ನಕ್ಷೆ ತಲೆಯಲ್ಲಿ ಕೂತರೆ ಅರ್ಧ ಕೆಲಸ ಮುಗಿದಂತೆ. ನಡುವೆ ಅಗಸ್ತ್ಯ ತೀರ್ಥ. ಅದರ ದಕ್ಷಿಣದ ಗುಡ್ಡದಲ್ಲಿ ನಾಲ್ಕು ಗುಹಾಲಯಗಳು, ಉತ್ತರದ ಗುಡ್ಡದ ಮೇಲೆ ಕೋಟೆ ಮತ್ತು ಶಿವಾಲಯಗಳು, ಅದರ ಬುಡದಲ್ಲಿ ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯ. ಪೂರ್ವದ ತುದಿಯಲ್ಲಿ, ನೀರಿಗೆ ಕಾಲು ಚಾಚಿದಂತೆ ಭೂತನಾಥ ಗುಡಿ. ಪಶ್ಚಿಮಕ್ಕೆ ಊರು. ಗುಹೆಗಳು ಇರುವುದು ಉತ್ತರಕ್ಕೆ ಮುಖ ಮಾಡಿದ ಬಂಡೆಯಲ್ಲಿ, ಹಾಗಾಗಿ ಬೆಳಗಿನ ಹೊತ್ತು ಅಲ್ಲಿ ನೆರಳು, ತಂಪು. ಭೂತನಾಥ ಗುಡಿ ಪಶ್ಚಿಮಕ್ಕೆ, ಕೆರೆಯ ಕಡೆಗೆ ನೋಡುತ್ತದೆ, ಅದಕ್ಕೆ ಸಂಜೆ ಬಿಸಿಲೇ ಚೆಂದ. ಆದ್ದರಿಂದ ಬೆಳಗ್ಗೆ ಗುಹೆ, ಮಧ್ಯಾಹ್ನ ಊಟ-ನಿದ್ದೆ, ಮೂರೂವರೆಯ ನಂತರ ವಸ್ತುಸಂಗ್ರಹಾಲಯ, ಕೊನೆಗೆ ಭೂತನಾಥ. ಈ ಕ್ರಮ ತಿರುವುಮುರುವಾದರೆ ಬಿಸಿಲೂ ತಪ್ಪುವುದಿಲ್ಲ, ಒಳ್ಳೆಯ ಫೋಟೊವೂ ಸಿಗುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಆ ದಿನವನ್ನು ಹೊರಗಿನ ಊರುಗಳಿಗೆ ಇಟ್ಟುಕೊಳ್ಳಿ.

ಗುಹೆಗಳಿಗೆ ಟಿಕೆಟ್ ಇದೆ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಕೌಂಟರಿನಲ್ಲಿ ಕ್ಯೂಆರ್ ಕೋಡ್ ಇದ್ದರೂ ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಸಾಲಿನಲ್ಲಿ ನಿಂತೇ ಇರಬೇಕಾಗುತ್ತದೆ. ಜೇಬಿನಲ್ಲಿ ಚಿಲ್ಲರೆ ನೋಟು ಇರಲಿ.

ಮೆಟ್ಟಿಲುಗಳದ್ದು ಬೇರೆಯೇ ಲೆಕ್ಕ. ಮೊದಲ ಗುಹೆ ನೆಲದಿಂದ ಸುಮಾರು 60 ಅಡಿ ಎತ್ತರದಲ್ಲಿದೆ. ಅಲ್ಲಿಂದ ಎರಡನೆಯದಕ್ಕೆ ಅರವತ್ತರ ಆಸುಪಾಸು ಮೆಟ್ಟಿಲು, ಎರಡರಿಂದ ಮೂರಕ್ಕೆ ಮತ್ತೆ ಅಷ್ಟೇ. ಮೆಟ್ಟಿಲು ಒಂದರಂತೆ ಒಂದಿಲ್ಲ, ಕೆಲವು ದೊಡ್ಡವರಿಗೇ ಮೊಣಕಾಲೆತ್ತರ. ಮಗುವಿನ ತಳ್ಳುಗಾಡಿ ಇಲ್ಲಿ ಬರೀ ಹೊರೆ. ಎದೆಗೆ ಕಟ್ಟಿಕೊಳ್ಳುವ ಚೀಲವಿದ್ದರೆ ತನ್ನಿ, ಇಲ್ಲದಿದ್ದರೆ ಹಳೆಯ ಕಾಟನ್ ಸೀರೆಯ ಜೋಳಿಗೆಯೂ ನಡೆಯುತ್ತದೆ. ಮೊಣಕಾಲು ನೋವಿನ ಅಜ್ಜ-ಅಜ್ಜಿಯರನ್ನು ಮೊದಲ ಗುಹೆಯವರೆಗೆ ಕರೆದೊಯ್ದರೆ ಸಾಕು. ಸಂಗ್ರಹಾಲಯ, ಭೂತನಾಥ ಎರಡಕ್ಕೂ ಕೆರೆಯ ದಡದಗುಂಟ ಹೆಚ್ಚುಕಡಿಮೆ ಸಮತಟ್ಟಾದ ದಾರಿ, ಸಂಜೆ ಅಲ್ಲಿಗೆ ಆರಾಮವಾಗಿ ಬರಬಹುದು.

ಮಕ್ಕಳಿಗೆ ಚಾಲುಕ್ಯರ ವಂಶಾವಳಿ ಹೇಳಲು ಹೊರಟರೆ ಎರಡನೇ ಗುಹೆಗೆ ಮುಂಚೆಯೇ ಆಕಳಿಕೆ ಶುರು. ಎಣಿಸುವ, ಹುಡುಕುವ ಕೆಲಸ ಕೊಡಿ. ಮೊದಲ ಗುಹೆಯ ಹೊರಗೋಡೆಯ ಮೇಲೆ ನಟರಾಜನಿದ್ದಾನೆ. 'ಎಷ್ಟು ಕೈ ಎಣಿಸು' ಅಂದರೆ ಹದಿನೈದು, ಹದಿನೇಳು ಎಂದು ಜಗಳವೇ ಆಗುತ್ತದೆ. ಸರಿಯುತ್ತರ 18. ಎದುರುಬದಿಯಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ ನೋಡಿ: ಒಂದೇ ತಲೆಗೆ ಎರಡು ಮೈ. ಒಂದು ಬದಿಯ ಮೈಯನ್ನು ಅಂಗೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಬಸವ. ಕಲ್ಲನ್ನು ಮುಟ್ಟಬೇಕಿಲ್ಲ, ಎರಡು ಹೆಜ್ಜೆ ಹಿಂದೆ ನಿಂತು ಕಣ್ಣ ಮುಂದೆ ಕೈ ಹಿಡಿದರೆ ಸಾಕು. ಎಷ್ಟೋ ಜನ ನಟರಾಜನ ಮುಂದೆ ಸೆಲ್ಫಿ ತೆಗೆದುಕೊಂಡು ಇದನ್ನು ನೋಡದೆಯೇ ಮೇಲೆ ಹತ್ತಿಬಿಡುತ್ತಾರೆ.

ಎರಡನೇ ಗುಹೆಯಲ್ಲಿ ತಲೆಯೆತ್ತಿ ನೋಡಬೇಕು. ಚಾವಣಿಯಲ್ಲಿ ಒಂದು ಚಕ್ರ, ಅದರ ಅರೆಕಾಲುಗಳೆಲ್ಲ ಮೀನು, ಒಟ್ಟು 16. ಗೋಡೆಯ ಮೇಲೆ ತ್ರಿವಿಕ್ರಮ ಕಾಲೆತ್ತಿದ್ದಾನೆ. ವಾಮನನ ಕಥೆ ಮನೆಯಲ್ಲೇ ಹೇಳಿಕೊಂಡು ಬಂದಿದ್ದರೆ ಇಲ್ಲಿ ಮಕ್ಕಳೇ ನಿಮಗೆ ವಿವರಿಸುತ್ತಾರೆ.

ಸಮಯ ಕಡಿಮೆಯಿದ್ದರೆ ಅದನ್ನೆಲ್ಲ ಮೂರನೇ ಗುಹೆಗೆ ಕೊಡಿ. ನಾಲ್ಕರಲ್ಲಿ ಇದೇ ದೊಡ್ಡದು, ಕೆತ್ತನೆಯಲ್ಲೂ ಇದೇ ಮೇಲು. ಚಾಲುಕ್ಯರ ಮಂಗಳೇಶ ಬರೆಸಿದ ಶಾಸನ ಇಲ್ಲಿದೆ, ಶಕವರ್ಷ 500, ಅಂದರೆ ಕ್ರಿ.ಶ. 578. ಹೆಡೆಯೆತ್ತಿದ ಶೇಷನ ಸುರುಳಿಯ ಮೇಲೆ ಮಲಗದೆ ಕೂತಿರುವ ವಿಷ್ಣು, ನಿಂತ ನರಸಿಂಹ, ಹರಿಹರ, ಎಲ್ಲರೂ ಆಳೆತ್ತರ ಮೀರಿದವರು. ಜಗಲಿಯ ಕೆಳಪಟ್ಟಿಯಲ್ಲಿ ಮಕ್ಕಳ ಕಣ್ಣಿನ ಎತ್ತರಕ್ಕೇ ಕುಳ್ಳ ಗಣಗಳು ಸಾಲಾಗಿ ಕುಣಿಯುತ್ತಿವೆ. ಒಂದರ ಹಾಗೆ ಇನ್ನೊಂದಿಲ್ಲ, ಮಕ್ಕಳು ಅವುಗಳ ಭಂಗಿ ಹಾಕಿ ನಿಲ್ಲುವುದು ಇಲ್ಲಿಯ ಖಾಯಂ ದೃಶ್ಯ. ನಾಲ್ಕನೆಯದು ಜೈನ ಗುಹೆ, ಚಿಕ್ಕದು: ಪಾರ್ಶ್ವನಾಥ, ಬಾಹುಬಲಿ. ಅದರ ಮುಂದಿನ ಅಂಗಳದಿಂದ ಕೆರೆ ಪೂರ್ತಿ ಕಾಣುತ್ತದೆ, ಆದರೆ ಅಂಚಿನಾಚೆ ನೇರ ಪ್ರಪಾತ. ಇಲ್ಲಿ ಮಾತ್ರ ಚಿಕ್ಕವರ ಕೈ ಬಿಡಲೇಬೇಡಿ. ಎರಡು-ಮೂರನೇ ಗುಹೆಗಳ ನಡುವೆ ಬಂಡೆಯ ಸಂದಿಯಲ್ಲಿ ದಕ್ಷಿಣ ಕೋಟೆಗೆ ಹೋಗುವ ಮೆಟ್ಟಿಲು ಕಾಣುತ್ತದೆ. ಅದಕ್ಕೆ ಬೀಗ ಹಾಕಿರುತ್ತಾರೆ, ಕಾವಲುಗಾರರನ್ನು ಪೀಡಿಸಿ ಉಪಯೋಗವಿಲ್ಲ. ನಾಲ್ಕಕ್ಕೂ ಸೇರಿ ಎರಡು ಗಂಟೆ ಇಟ್ಟುಕೊಳ್ಳಿ.

ಇನ್ನು ಮಂಗಗಳು. 'ಮಂಗ್ಯಾ ಅದಾವ್ರಿ, ಚೀಲಾ ಜ್ವಾಕಿ' ಎಂದು ಊರವರು ಹೇಳಿದರೆ ಅದು ತಮಾಷೆಯಲ್ಲ. ಅವು ಓದಿಕೊಂಡಿರುವುದು ಪ್ಲಾಸ್ಟಿಕ್ ಸಪ್ಪಳವನ್ನು. ಕವರ್ ಅಂದರೆ ತಿಂಡಿ ಎಂದು ಪ್ರವಾಸಿಗರೇ ಕಲಿಸಿದ್ದಾರೆ. ಹಾಗಾಗಿ ಕೈಯಲ್ಲಿ ಕವರ್, ಬಿಸ್ಕತ್ತು, ಬಾಳೆಹಣ್ಣು, ಬಣ್ಣದ ಜ್ಯೂಸ್ ಬಾಟಲಿ ಬೇಡ. ನೀರು ಸಹ ಜಿಪ್ ಇರುವ ಚೀಲದೊಳಗೆ, ಚೀಲ ಎದೆಯ ಮೇಲೆ. ಕಸಿದುಕೊಂಡರೆ ಎಳೆದಾಡದೆ ಬಿಟ್ಟುಬಿಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಬಿಟ್ಟು ನಗುವುದು ಅವುಗಳ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ, ಇದನ್ನು ಮಕ್ಕಳಿಗೆ ಮೆಟ್ಟಿಲು ಹತ್ತುವ ಮೊದಲೇ ಹೇಳಿರಿ. ಓಡಿದರೆ ಬೆನ್ನಟ್ಟುತ್ತವೆ. ಪರಚಿದರೆ, ಕಚ್ಚಿದರೆ ಆ ಜಾಗವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ. ರೇಬೀಸ್ ಚುಚ್ಚುಮದ್ದನ್ನು ಊರಿಗೆ ಹೋದ ಮೇಲೆ ನೋಡೋಣ ಎಂದು ಮುಂದೂಡುವಂತಿಲ್ಲ.

ಸಂಜೆ ಸಂಗ್ರಹಾಲಯಕ್ಕೆ ಮುಕ್ಕಾಲು ಗಂಟೆ ಸಾಕು. ಲಜ್ಜಾಗೌರಿಯ ಶಿಲ್ಪ ಇಲ್ಲಿಯ ಹೆಸರುವಾಸಿ. ಪಕ್ಕದಲ್ಲೇ ಉತ್ತರದ ಕೋಟೆಯ ದಾರಿ ಶುರುವಾಗುತ್ತದೆ. ಎರಡು ಬಂಡೆಗಳ ನಡುವಿನ ಕಿರಿದಾದ ಸೀಳಿನಲ್ಲಿ ಮೆಟ್ಟಿಲು, ಮೇಲೆ ನೋಡಿದರೆ ಆಕಾಶದ ಒಂದು ಪಟ್ಟಿ. ಏಳೆಂಟು ವರ್ಷ ದಾಟಿದ ಮಕ್ಕಳು ಗುಹೆಗಳಿಗಿಂತ ಇದನ್ನೇ ಹೆಚ್ಚು ಮೆಚ್ಚಿದರೆ ಬೇಜಾರು ಮಾಡಿಕೊಳ್ಳಬೇಡಿ. ಮೇಲಣ ಶಿವಾಲಯದವರೆಗೆ ಹೋಗಿ ಬರಲು ಒಂದು ಗಂಟೆ ಬೇಕು. ಮೇಲೆ ಎಲ್ಲ ಕಡೆ ಕಟಾಂಜನವಿಲ್ಲ, ಹಾಗಾಗಿ ಪುಟ್ಟ ಮಕ್ಕಳಿದ್ದರೆ ದೊಡ್ಡವರು ಸರದಿಯ ಮೇಲೆ ಹತ್ತುವುದು ಲೇಸು. ಒಂದನೇ ಪುಲಕೇಶಿ ಈ ಬೆಟ್ಟವನ್ನು ಕೋಟೆ ಮಾಡಿದ್ದನ್ನು ಹೇಳುವ 543ರ ಬಂಡೆಶಾಸನ ಇರುವುದೂ ಈ ಕಡೆಯೇ.

ಭೂತನಾಥದ ಜಗಲಿಗೆ ಸೂರ್ಯ ಇಳಿಯುವುದಕ್ಕೆ ಒಂದು ಗಂಟೆ ಮುಂಚೆ ತಲುಪಿ. ಕೆಂಪು ಕಲ್ಲು ಬಣ್ಣ ಬದಲಿಸುವುದನ್ನು ನೋಡುತ್ತ ಕೂರಲು ಇದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ. ಮಕ್ಕಳಿಗೆ ಕಥೆ ಹೇಳಲೂ ಇದೇ ಹೊತ್ತು. ಎಳೆಗೂಸಿಗೆ ಹಾಲು ಕುಡಿಸಿ ಹೊಟ್ಟೆ ಸವರುತ್ತ ಅಜ್ಜಿಯರು 'ವಾತಾಪಿ ಜೀರ್ಣೋ ಭವ' ಅನ್ನುತ್ತಾರಲ್ಲ, ಆ ವಾತಾಪಿಯ ಊರು ಇದು. ಟಗರಾಗಿ, ಅಡುಗೆಯಾಗಿ ಅತಿಥಿಯ ಹೊಟ್ಟೆ ಸೇರಿ, ಅಣ್ಣ ಇಲ್ವಲ ಕರೆದೊಡನೆ ಹೊಟ್ಟೆ ಸೀಳಿ ಬರುತ್ತಿದ್ದ ರಾಕ್ಷಸ. ಅಗಸ್ತ್ಯರು ತಿಂದು, ಹೊಟ್ಟೆ ಸವರಿ, ಜೀರ್ಣಿಸಿಕೊಂಡರು. ಆಚೀಚೆಯ ಎರಡು ಗುಡ್ಡಗಳೇ ಆ ಅಣ್ಣ-ತಮ್ಮಂದಿರು ಎನ್ನುತ್ತಾರೆ, ಕೆರೆಗೆ ಅಗಸ್ತ್ಯರ ಹೆಸರು. ಕೆರೆಯ ಈಶಾನ್ಯದ ಬಂಡೆಯ ಮೇಲೆ ಸುಮಾರು 700ರ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ತ್ರಿಪದಿಯ ಅತಿ ಹಳೆಯ ಮಾದರಿ. ಹೈಸ್ಕೂಲು ಮಕ್ಕಳಿದ್ದರೆ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ ತೋರಿಸಿ. ನೀರಿಗೆ ಮಾತ್ರ ಇಳಿಯಬೇಡಿ. ಪಾಚಿ, ಸೋಪಿನ ನೀರು ಸೇರಿ ಮೆಟ್ಟಿಲು ಜಾರುತ್ತವೆ, ಬಟ್ಟೆ ಒಗೆಯುವವರು ನಿಂತಲ್ಲಿ ನೀವೂ ನಿಲ್ಲಬಹುದು ಎಂದುಕೊಂಡರೆ ಕೆಟ್ಟಿರಿ.

ಮಕ್ಕಳಿಗೆ ನೀರಾಟ ಬೇಕೇ ಬೇಕೆಂದರೆ ಅದಕ್ಕೆ ಮಹಾಕೂಟವಿದೆ, ಬಾದಾಮಿಯಿಂದ ಸುಮಾರು 14 ಕಿ.ಮೀ. ದೊಡ್ಡ ಆಲದ ಮರಗಳ ನೆರಳಲ್ಲಿ ಊಟೆ ನೀರಿನ ಪುಷ್ಕರಿಣಿ. ಊರ ಹುಡುಗರು ಕಟ್ಟೆಯಿಂದ ದಬದಬ ಹಾರುತ್ತಿರುತ್ತಾರೆ. ಮೊದಲು ಈಜು ಬಲ್ಲ ದೊಡ್ಡವರೊಬ್ಬರು ಇಳಿದು ಆಳ ನೋಡಿ, ಆಮೇಲೆ ಮಕ್ಕಳು. ಸೋಪು, ಶಾಂಪೂ ಬೇಡ, ಅದು ತೀರ್ಥ. ಟವೆಲು, ಒಂದು ಜತೆ ಬಟ್ಟೆ ಮರೆಯಬೇಡಿ.

ಎರಡನೇ ದಿನ ಪಟ್ಟದಕಲ್ಲು, ಬಾದಾಮಿಯಿಂದ 22 ಕಿ.ಮೀ. 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಹುಲ್ಲುಹಾಸು, ಸಮತಟ್ಟು ನೆಲ, ಹಾಗಾಗಿ ಅಜ್ಜ-ಅಜ್ಜಿಗೆ ಗುಹೆಗಳಿಗಿಂತ ಸಲೀಸು. ಬಯಲಾದ್ದರಿಂದ ನೆರಳು ಕಡಿಮೆ, ಹತ್ತೂವರೆಯೊಳಗೆ ಮುಗಿಸಿ. ವಿರೂಪಾಕ್ಷ ದೇವಾಲಯದಲ್ಲಿ ಇವತ್ತಿಗೂ ಪೂಜೆಯಿದೆ, ಚಪ್ಪಲಿ ಹೊರಗೆ ಬಿಡಬೇಕು. ಬೇಸಿಗೆಯಲ್ಲಿ ಹಾಸುಗಲ್ಲು ಸುಡುತ್ತದೆ, ಎಲ್ಲರಿಗೂ ಒಂದು ಜತೆ ದಪ್ಪ ಸಾಕ್ಸ್ ಚೀಲದಲ್ಲಿರಲಿ. ಪಾಪನಾಥ ಗುಡಿ ಮುಖ್ಯ ಆವರಣದಿಂದ ಅರ್ಧ ಕಿಲೋಮೀಟರಿನಷ್ಟು ದೂರ, ಅದರ ಹೊರಗೋಡೆಯ ರಾಮಾಯಣ ನೋಡುವ ಆಸೆಯಿದ್ದರೆ ಮೊದಲೇ ಅಲ್ಲಿಗೆ ಹೋಗಿಬನ್ನಿ, ಕೊನೆಗೆ ಇಟ್ಟುಕೊಂಡರೆ ಯಾರೂ ಏಳುವುದಿಲ್ಲ. ಐಹೊಳೆ ಇನ್ನೂ ಮುಂದೆ. ಚಿಕ್ಕ ಮಕ್ಕಳಿದ್ದರೆ ಆನೆಯ ಬೆನ್ನಿನಂತೆ ಹಿಂಬದಿ ದುಂಡಗಿರುವ ದುರ್ಗ ದೇವಾಲಯದ ಆವರಣ ನೋಡಿ ತಿರುಗಿಬಿಡಿ. ಅಲ್ಲಿಯ ಮೇಗುಟಿ ಬೆಟ್ಟದ ಮೇಲಿನ, ಕವಿ ರವಿಕೀರ್ತಿಯ 634ರ ಶಾಸನ ದೊಡ್ಡ ಮಕ್ಕಳ ಪಾಲಿಗಿರಲಿ.

ಮಧ್ಯಾಹ್ನದ ಊಟಕ್ಕೆ ಬನಶಂಕರಿ. ಬಾದಾಮಿಯಿಂದ 5 ಕಿ.ಮೀ., ಟಂಟಂ (ಹಂಚಿಕೊಂಡು ಹೋಗುವ ಆಟೊ) ಸಿಗುತ್ತದೆ. ಗುಡಿಯ ಮುಂದೆ ಹೆಣ್ಣುಮಕ್ಕಳು ಬುಟ್ಟಿ ಇಟ್ಟುಕೊಂಡು 'ಊಟಾ ಮಾಡ್ರಿ' ಎಂದು ಕರೆಯುತ್ತಾರೆ: ಜೋಳದ ರೊಟ್ಟಿ, ಎಣಗಾಯಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಕೆಂಪು ಚಟ್ನಿ, ಗಟ್ಟಿ ಮೊಸರು. ಕೂರುವ ಮುಂಚೆ ರೇಟು ಕೇಳಿಕೊಳ್ಳಿ, ಎರಡನೇ ರೊಟ್ಟಿಗೆ, ಮೊಸರಿಗೆ ಬೇರೆ ಲೆಕ್ಕವೇ ಎಂಬುದನ್ನೂ. ಕೆಂಪು ಚಟ್ನಿ ದಕ್ಷಿಣದ ನಾಲಿಗೆಗೆ ಬೆಂಕಿ, ಮಕ್ಕಳಿಗೆ ರೊಟ್ಟಿ ಮುರಿದು ಮೊಸರಲ್ಲಿ ನೆನೆಸಿ ಶೇಂಗಾ ಚಟ್ನಿ ಉದುರಿಸಿದರೆ ಸದ್ದಿಲ್ಲದೆ ತಿನ್ನುತ್ತವೆ.

ಹೋಗುವ ಕಾಲ ನವೆಂಬರಿನಿಂದ ಫೆಬ್ರುವರಿ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ಮುಟ್ಟುವ ಬಿಸಿಲು, ಕಲ್ಲು ರಾತ್ರಿಯವರೆಗೂ ಕಾವು ಬಿಡುವುದಿಲ್ಲ. ಬೇಸಿಗೆ ರಜೆಯೇ ಗತಿ ಎಂದರೆ ಬೆಳಗಿನ ಮೂರು ಗಂಟೆ, ಸಂಜೆಯ ಎರಡು ಗಂಟೆ ಬಿಟ್ಟು ಹೊರಗೆ ಬರಲೇಬೇಡಿ. ಜೋರು ಮಳೆ ಬಿದ್ದ ಮರುದಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ, ಎರಡು ಬಿಸಿಲಿಗೆ ಮಾಯ. ಅದನ್ನು ನೆಚ್ಚಿ ಟಿಕೆಟ್ ಮಾಡಿಸಬೇಡಿ. ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದ ಹುಣ್ಣಿಮೆಗೆ, ಬನಶಂಕರಿ ಜಾತ್ರೆ, ನಾಟಕ ಕಂಪನಿಗಳು ಡೇರೆ ಹಾಕಿರುತ್ತವೆ. ಜಾತ್ರೆಯೇ ಬೇಕೆನ್ನುವವರಿಗೆ ಸ್ವರ್ಗ, ಗುಹೆ ನೋಡಬೇಕೆನ್ನುವವರಿಗೆ ರೂಮೂ ಇಲ್ಲ, ರಸ್ತೆಯೂ ಇಲ್ಲ.

ಬೆಂಗಳೂರು, ಮೈಸೂರಿನ ಕಡೆಯಿಂದ ರಾತ್ರಿ ರೈಲು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಅನುಕೂಲ. ಸ್ಟೇಷನ್ನಿಂದ ಊರಿಗೆ ಸುಮಾರು 5 ಕಿ.ಮೀ. ಯಡವಟ್ಟಾಗುವುದು ಇಲ್ಲೇ: ರೈಲು ಬೆಳಗ್ಗೆ ಇಳಿಸುತ್ತದೆ, ಎಷ್ಟೋ ಹೋಟೆಲುಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ. ಬುಕ್ ಮಾಡುವಾಗಲೇ 24 ಗಂಟೆಯ ಲೆಕ್ಕವೇ ಎಂದು ಫೋನಿನಲ್ಲಿ ಕೇಳಿ. ಅಲ್ಲವೆಂದರೆ ಸಾಮಾನು ಇಡಲು, ಮಕ್ಕಳ ಮುಖ ತೊಳೆಸಲು ಜಾಗ ಕೊಡುತ್ತಾರೆಯೇ ಎಂದಾದರೂ ಖಚಿತಪಡಿಸಿಕೊಳ್ಳಿ. ಕೊಟ್ಟರೆ ನಾಷ್ಟಾ ಮುಗಿಸಿ ನೇರ ಗುಹೆಗೆ ಹೋಗಬಹುದು, ಕೆಳಗಿಳಿಯುವ ಹೊತ್ತಿಗೆ ರೂಮು ತಯಾರಿರುತ್ತದೆ.