ಥಿನ್ನರ್ ಡ್ರಮ್ಮಿನ ಮೇಲಿದ್ದ ‘ಇನ್’

ಪೇಂಟ್ ಸ್ಟೋರ್ ನೋಡಿಕೊಳ್ಳುವುದು ನನ್ನ ಕೆಲಸ. ಹೋದ ವರ್ಷ ಒಂದು ಬೆಳಿಗ್ಗೆ ರೌಂಡ್ಸ್ ಹೊರಟವನಿಗೆ ಎದೆ ಝಲ್ಲೆಂದಿತು. ಗ್ರೈಂಡಿಂಗ್ ನಡೆಯುವ ಜಾಗದಿಂದ ಹತ್ತೇ ಹೆಜ್ಜೆ ದೂರದಲ್ಲಿ ಎರಡು ಥಿನ್ನರ್ ಡ್ರಮ್. ಒಂದರ ಮುಚ್ಚಳ ಬೇರೆ ಸಡಿಲ. ಥಿನ್ನರ್ ಆವಿ ಗಾಳಿಗಿಂತ ಭಾರ. ಹೊಗೆಯ ಹಾಗೆ ಮೇಲೇರದೆ ನೆಲಕ್ಕಂಟಿಕೊಂಡೇ ಹರಿದು, ಕಿಡಿ ಇದ್ದಲ್ಲಿಗೆ ತಲುಪಿಬಿಡುತ್ತದೆ. ಮೊದಲು ಮಷೀನ್ ಆಫ್ ಮಾಡಿಸಿ, ಡ್ರಮ್ ಹೊರಗೆ ಸಾಗಿಸಿದೆವು.

ಇಟ್ಟವನು ಐಟಿಐ ಮುಗಿಸಿ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದ್ದ ಹುಡುಗ. ಬೈಯಲೆಂದೇ ಕರೆದೆ. ಅವನು ಲೇಬಲ್ ತೋರಿಸಿದ.

“ಸರ್, ಇನ್‌ಫ್ಲೇಮಬಲ್ ಅಂತಿದೆಯಲ್ಲ. ಇನ್‌ಕಂಪ್ಲೀಟ್ ಅಂದ್ರೆ ಕಂಪ್ಲೀಟ್ ಆಗಿಲ್ಲ, ಇನ್‌ವ್ಯಾಲಿಡ್ ಅಂದ್ರೆ ವ್ಯಾಲಿಡ್ ಅಲ್ಲ. ಹಂಗೇ ಇದಕ್ಕೆ ಬೆಂಕಿ ಹತ್ತಲ್ಲ ಅಂದ್ಕೊಂಡೆ.”

ಬೈಗುಳ ಬಾಯಲ್ಲೇ ಉಳಿಯಿತು. ಶಾಲೆಯಲ್ಲಿ ಕಲಿತದ್ದನ್ನು ಅವನು ಸರಿಯಾಗಿಯೇ ಬಳಸಿದ್ದ. ಮೋಸ ಇದ್ದದ್ದು ಪದದಲ್ಲಿ.

ಲ್ಯಾಟಿನ್ನಿನಿಂದ ಇಂಗ್ಲಿಷಿಗೆ ಬಂದ ‘ಇನ್’ ಒಂದಲ್ಲ, ಎರಡು. ಒಂದು ‘ಅಲ್ಲ’ ಎನ್ನುವುದು. ಇನ್ನೊಂದು ‘ಒಳಕ್ಕೆ’ ಎನ್ನುವುದು, ಇಂಜೆಕ್ಷನ್‌ನಲ್ಲಿ ಇರುವಂಥದ್ದು. ‘ಫ್ಲಾಮಾ’ ಎಂದರೆ ಜ್ವಾಲೆ, ‘ಇನ್‌ಫ್ಲಾಮಾರೆ’ ಎಂದರೆ ಉರಿ ಹೊತ್ತಿಸು. ಡಾಕ್ಟರು ಹೇಳುವ ಇನ್‌ಫ್ಲಮೇಶನ್ ಕೂಡ ಅದೇ ಬೇರಿನದು. ಅದಕ್ಕೆ ನಮ್ಮಲ್ಲಿ ಉರಿಯೂತ ಎನ್ನುತ್ತೇವೆ, ಉರಿ ಅಲ್ಲೂ ಇದೆ ನೋಡಿ. ಹುಡುಗನಿಗೆ ಇಷ್ಟು ಹೇಳಿದರೂ ಮುಖದಲ್ಲಿ ಅನುಮಾನ. “ಪ್ರಜ್ವಲಿಸು ಅಂದರೆ ಏನೋ?” ಎಂದೆ. “ಜೋರಾಗಿ ಉರಿಯೋದು ಸರ್.” “ಆ ‘ಪ್ರ’ ಜ್ವಾಲೆಯನ್ನ ಆರಿಸ್ತಾ, ಏಳಿಸ್ತಾ?” ಆಗ ತಟ್ಟನೆ ಹಿಡಿದುಕೊಂಡ.

ಈ ಗೊಂದಲ ಹೊಸದೂ ಅಲ್ಲ. ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲೇ ‘ಇನ್’ ಕಿತ್ತುಹಾಕಿ ಫ್ಲೇಮಬಲ್ ಎಂದೇ ಬರೆಯಿರಿ ಎಂದು ಒತ್ತಾಯಿಸಿತ್ತು. ಎರಡೂ ಪದಗಳಿಗೆ ಅರ್ಥ ಒಂದೇ, ಬೆಂಕಿ ಹತ್ತದ್ದು ನಾನ್‌ಫ್ಲೇಮಬಲ್. ಆದರೂ ನಮ್ಮ ರಸ್ತೆಗಳಲ್ಲಿ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಹೈಲಿ ಇನ್‌ಫ್ಲೇಮಬಲ್’ ಓಡಾಡುತ್ತಲೇ ಇದೆ. ನನಗಿದು ಸರಿ ಕಾಣುವುದಿಲ್ಲ. ಎಚ್ಚರಿಕೆಯ ಮಾತು ಓದಲು ವ್ಯುತ್ಪತ್ತಿ ಗೊತ್ತಿರಬೇಕೆ?

ಈಗ ಸ್ಟೋರ್‌ಗೆ ಯಾರು ಹೊಸಬರು ಬಂದರೂ ಲೇಬಲ್ ಕೈಗಿಟ್ಟು, ಏನು ಅರ್ಥವಾಯಿತು ಎಂದು ಮೊದಲು ಕೇಳುತ್ತೇನೆ. ಡ್ರಮ್‌ಗಳ ಮೇಲೆ ಅಂದು ಸಂಜೆಯೇ ಕೆಂಪಕ್ಷರದಲ್ಲಿ ಬರೆಸಿದೆ: ‘ಬೇಗ ಬೆಂಕಿ ಹತ್ತುತ್ತದೆ. ಕಿಡಿ ದೂರ ಇರಲಿ.’ ಬ್ರಷ್ ಹಿಡಿದು ಬರೆದವನು ಅದೇ ಹುಡುಗ.