ಸೇತುವೆ ದಾಟಿ ಹೆಡ್‌ಮಾಷ್ಟ್ರ ಬೀಳ್ಕೊಡುಗೆಗೆ

ನಮ್ಮ ಕಡೆ ಒಂದು ತಲೆಮಾರಿನ ಅರ್ಧ ಊರು ಜೂನ್ 1ರಂದೇ ಹುಟ್ಟಿದ್ದು. ಮಗುವನ್ನು ಶಾಲೆಗೆ ಸೇರಿಸುವ ದಿನ ಎಷ್ಟು ವರ್ಷ ಎಂದು ಕೇಳಿ, ಅಂದಾಜಿಗೆ ಒಂದು ಇಸವಿ ಹಿಡಿದು, ಮೇಷ್ಟ್ರು ಬರೆದುಕೊಳ್ಳುತ್ತಿದ್ದ ತಾರೀಖು ಅದು. ಸರ್ಕಾರಿ ನೌಕರಿಯಲ್ಲಿ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ. ಒಂದನೇ ತಾರೀಖು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಗೇ. ಹಾಗಾಗಿ ಮೇ 31 ಬಂತೆಂದರೆ ರಾಜ್ಯದ ತುಂಬ ಶಾಲು, ಹಾರ, ಹಣ್ಣಿನ ಬುಟ್ಟಿ. ನಮ್ಮ ಹೆಡ್‌ಮಾಷ್ಟ್ರದೂ ಅದೇ ಕಥೆ. ಅವರಮ್ಮನ ಪ್ರಕಾರ ಅವರು ಹುಟ್ಟಿದ್ದು ದೀಪಾವಳಿ ಆಸುಪಾಸಿನಲ್ಲಿ.

ಈ ಸಲ ಆ ದಿನ ಭಾನುವಾರ ಬಿದ್ದಿತ್ತು. ಬೆಂಗಳೂರಿನಲ್ಲಿರುವ ನಮ್ಮ 1999ರ ಬ್ಯಾಚಿನ ಹತ್ತಾರು ಜನ ಶನಿವಾರ ರಾತ್ರಿ ತಾಳಗುಪ್ಪ ರೈಲು ಹತ್ತಿದೆವು. ಸ್ಲೀಪರ್ ಬೋಗಿ. ಒಬ್ಬ ಬ್ಯಾಂಕು, ಇಬ್ಬರು ಸಾಫ್ಟ್‌ವೇರು, ಒಬ್ಬ ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವನು, ಒಬ್ಬಳು ನರ್ಸು. ತುಮಕೂರು ದಾಟುವವರೆಗೂ ಯಾರೂ ಮಲಗಲಿಲ್ಲ. ಯಾರು ಭಾಷಣ ಮಾಡಬೇಕು ಎನ್ನುವುದೇ ದೊಡ್ಡ ಚರ್ಚೆ. ಬ್ಯಾಂಕಿನವನು ಎರಡು ಪುಟ ಬರೆದುಕೊಂಡು ಬಂದಿದ್ದ. ಓದಿ ತೋರಿಸಿದ. 'ಜ್ಞಾನದ ದೀಪ', 'ಬದುಕಿನ ದಾರಿದೀಪ' ಎಲ್ಲ ಇತ್ತು. "ಎರಡು ದೀಪ ಆಯ್ತಲ್ಲ ಮಾರಾಯ, ಕರೆಂಟ್ ಬಿಲ್ ಯಾರು ಕಟ್ತಾರೆ?" ಎಂದಳು ನರ್ಸು. ಮೇಲಿನ ಬರ್ತಿನಿಂದ ಅಪರಿಚಿತರೊಬ್ಬರೂ ನಕ್ಕರು.

ಶಿವಮೊಗ್ಗ ದಾಟಿದ ಮೇಲೆ ರೈಲಿನ ನಡಿಗೆಯೇ ಬೇರೆ. ಹಿಂದೆ ಈ ದಾರಿಯಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿತ್ತು, ಹೆಸರಿಗೆ ತಕ್ಕ ಹಾಗೆ ಬಸ್ಸಿನಂಥದ್ದೇ ಒಂದು ಡಬ್ಬಿ. ಈಗ ಬ್ರಾಡ್‌ಗೇಜ್ ಬಂದು ಬೆಂಗಳೂರಿನಲ್ಲಿ ಮಲಗಿದರೆ ಸಾಗರದಲ್ಲಿ ಎದ್ದರಾಯಿತು. ಅರಸಾಳಿನ ಕಾಡು, ಆನಂದಪುರದ ಗದ್ದೆ ಬಯಲು ಬೆಳಕಾಗುವ ಹೊತ್ತಿಗೆ ಕಿಟಕಿಯಲ್ಲಿ ಹಾದುಹೋದವು. ಹಿಂದಿನ ದಿನ ಅಡ್ಡಮಳೆ ಆಗಿತ್ತೆಂದು ಕಾಣುತ್ತದೆ, ಮಣ್ಣೆಲ್ಲ ಕಪ್ಪಗಾಗಿತ್ತು.

ಸಾಗರ ಜಂಬಗಾರು ನಿಲ್ದಾಣದಲ್ಲಿ ಇಳಿದರೆ, ಅಲ್ಲಿನ ಉಪ ಖಜಾನೆಯಲ್ಲಿ ಕೆಲಸ ಮಾಡುವ ನಮ್ಮ ಗೆಳತಿ ಟೆಂಪೋ ಟ್ರಾವೆಲರ್ ಸಮೇತ ಕಾಯುತ್ತಿದ್ದಳು. ಕೈಯಲ್ಲಿ ಹೂವಲ್ಲ, ಒಂದು ಫೈಲು. "ಸರ್ ಪೆನ್ಷನ್ ಕಾಗದ. ಶಾಲು ಹೊದೆಸೋಕೆ ನೀವೆಲ್ಲ ಇದ್ದೀರಲ್ಲ" ಎಂದಳು. ಪಿಂಚಣಿ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ತಿರುಗುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಆ ಕೆಲಸದಲ್ಲಿರುವವರಿಗೇ ಗೊತ್ತು. ಕೆಲವು ತಿಂಗಳಿಂದ ಅವಳು ಅದರ ಬೆನ್ನು ಹತ್ತಿದ್ದಳಂತೆ. ನಾವು ಹೊತ್ತು ತಂದ ಮೈಸೂರು ಪೇಟ, ಗಂಧದ ಹಾರ, ಚೌಕಟ್ಟು ಹಾಕಿಸಿದ ಅಭಿನಂದನಾ ಪತ್ರ ಎಲ್ಲವೂ ಆ ಫೈಲಿನ ಮುಂದೆ ಸ್ವಲ್ಪ ಪೇಲವ ಅನಿಸಿದ್ದು ಸುಳ್ಳಲ್ಲ.

ದೋಸೆ, ಕಾಫಿ ಮುಗಿಸಿ ಹೊರಟೆವು. ಇಕ್ಕೇರಿ ನೋಡಿ ಹೋಗೋಣ ಎಂದ ಸಾಫ್ಟ್‌ವೇರಿನವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಆವಿನಹಳ್ಳಿ ದಾಟಿ ಹೊಳೆಬಾಗಿಲಿನ ಕಡೆಗೆ ರಸ್ತೆ ಇಳಿಯತೊಡಗಿದಾಗ ಗಾಡಿಯೊಳಗೆ ತಂತಾನೇ ಮಾತು ನಿಂತಿತು. ಎಲ್ಲರೂ ಸೇತುವೆಗೆ ಕಾಯುತ್ತಿದ್ದರು.

ಹಿನ್ನೀರಿನ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ತುಂಬಿಕೊಂಡಾಗ ಊರುಗಳು, ಗದ್ದೆಗಳು, ಬಸ್ಸು ಓಡಾಡುತ್ತಿದ್ದ ರಸ್ತೆ, ಕೊನೆಗೆ ಹಳೆಯ ಮಡೆನೂರು ಅಣೆಕಟ್ಟು ಕೂಡ ನೀರಿನಡಿ ಹೋದವು. ಆಚೆ ಉಳಿದದ್ದು ತುಮರಿ, ಬ್ಯಾಕೋಡಿನಂಥ ಊರುಗಳ ಕರೂರು ಹೋಬಳಿ. ರಾಜ್ಯಕ್ಕೆ ಬೆಳಕು ಕೊಟ್ಟವರು ಎಂದು ನಮ್ಮನ್ನು ಹೊಗಳುತ್ತಾರೆ; ತಾಲ್ಲೂಕು ಕಚೇರಿಗೆ ಹೋಗಿ ಬರಲು ನಮಗಿದ್ದದ್ದು ಒಂದು ಲಾಂಚು. ಬಸ್ಸು, ಜೀಪು, ಬೈಕು, ದನ, ಮದುವೆ ದಿಬ್ಬಣ, ಹೆರಿಗೆ ನೋವಿನ ಹೆಂಗಸು ಎಲ್ಲ ಅದರಲ್ಲೇ. ಕತ್ತಲಾದ ಮೇಲೆ ಅದೂ ಇಲ್ಲ. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. 2023ರ ಜೂನ್‌ನಲ್ಲೂ ಹಾಗೇ ಆಗಿತ್ತು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. 2.44 ಕಿಲೋಮೀಟರ್. ನಮ್ಮಲ್ಲಿ ಹೆಚ್ಚಿನವರು ಮೊದಲ ಸಲ ಅದರ ಮೇಲೆ ಹೋಗುತ್ತಿದ್ದೆವು. ಕೇಬಲ್‌ಗಳು ಎರಡೂ ಕಡೆ ಬಿಗಿದು ನಿಂತಿದ್ದವು. ಕೆಳಗೆ ನೀರು ಬಹಳ ಇಳಿದಿತ್ತು. ಕೆಂಪು ದಡ, ಮೆಟ್ಟಿಲು ಮೆಟ್ಟಿಲಾಗಿ ನೀರಿಳಿದ ಗುರುತು, ಅರವತ್ತು ವರ್ಷ ನೆನೆದರೂ ಕೊಳೆಯದ ಮರದ ಬೊಡ್ಡೆಗಳು. ನಾಲ್ಕು ನಿಮಿಷ ಹಿಡಿಯಲಿಲ್ಲ, ಆಚೆ ದಡ ಬಂತು. "ಇಷ್ಟೇನಾ?" ಎಂದ ಲೇತಿನವನು. ಅವನ ಅಜ್ಜ ಹಾವು ಕಚ್ಚಿ, ಲಾಂಚಿಗೆ ಬೆಳಗಾಗಲೆಂದು ಕಾಯುತ್ತ ಈಚೆ ದಡದಲ್ಲೇ ತೀರಿಕೊಂಡಿದ್ದು ನಮಗೆಲ್ಲ ಗೊತ್ತಿತ್ತು. ಯಾರೂ ಏನೂ ಹೇಳಲಿಲ್ಲ.

ಅಂಥ ಜಾಗಕ್ಕೆ ಬಯಲುಸೀಮೆಯಿಂದ ವಿಜ್ಞಾನದ ಮೇಷ್ಟ್ರಾಗಿ ಬಂದವರು ನಮ್ಮ ಹೆಡ್‌ಮಾಷ್ಟ್ರು. ಆಗ ನಮ್ಮ ಹೈಸ್ಕೂಲಿಗೆ ಬಂದ ಮೇಷ್ಟ್ರುಗಳು ಬಂದ ದಿನದಿಂದಲೇ ವರ್ಗಾವಣೆಯ ಅರ್ಜಿ ಬರೆಯುತ್ತಿದ್ದರು, ಅವರನ್ನು ದೂರುವಂತೆಯೂ ಇರಲಿಲ್ಲ. ಇವರು ಮಾತ್ರ ಊರಲ್ಲೇ ಬಾಡಿಗೆ ಮನೆ ಹಿಡಿದರು. ಬಡ್ತಿ ಸಿಕ್ಕಿ ಬೇರೆಡೆ ಹೋದವರು, ಕೊನೆಯ ನಾಲ್ಕು ವರ್ಷಕ್ಕೆ ಕೇಳಿಕೊಂಡು ಮತ್ತೆ ಇಲ್ಲಿಗೇ ಬಂದರು.

ಶಾಲೆ ತಲುಪಿದಾಗ ಅಂಗಳದಲ್ಲಿ ಶಾಮಿಯಾನ, ಮೈಕಿನವನ "ಹಲೋ ಚೆಕ್". ಹೆಡ್‌ಮಾಷ್ಟ್ರು ಬಿಳಿ ಪಂಚೆಯಲ್ಲಿ ಕುರ್ಚಿ ಎತ್ತಿ ಹಾಕುತ್ತಿದ್ದರು. ಒಬ್ಬೊಬ್ಬರ ಮುಖ ನೋಡಿ ಹೆಸರಲ್ಲ, ಅಪ್ಪನ ಊರು ಹೇಳಿದರು. ನನ್ನನ್ನು ನೋಡಿ "ಕನ್ನಡಕ ಬಂತೇನೋ, ಆವತ್ತೇ ಹೇಳಿದ್ದೆ, ಬುಡ್ಡಿ ದೀಪದ ಹತ್ರ ಓದ್ಬೇಡ ಅಂತ" ಎಂದರು. ಕಾಲಿಗೆ ಬೀಳಲು ಹೋದವರನ್ನೆಲ್ಲ ಭುಜ ಹಿಡಿದು ನಿಲ್ಲಿಸಿ ತಿಂಡಿಗೆ ಕಳಿಸಿದರು.

ಸಭೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರಾರ್ಥನೆ, ಸ್ವಾಗತ, ಗಣ್ಯರು, ಗಣ್ಯರಿಗೆ ಬೇರೆ ಕಾರ್ಯಕ್ರಮ ಇದೆಯೆಂದು ಅವರ ಭಾಷಣ ಮೊದಲು. ಬೀಳ್ಕೊಡುಗೆ ಸಭೆಗಳಲ್ಲಿ ನಿವೃತ್ತರಾಗುವವರು ಯಾರಾದರೂ ಆಗಬಹುದು, ಮಾತು ಬದಲಾಗುವುದಿಲ್ಲ: ಆದರ್ಶ ಶಿಕ್ಷಕ, ಸರಳ ಸಜ್ಜನ, ನಿವೃತ್ತಿ ವೃತ್ತಿಗೆ ಮಾತ್ರ ಪ್ರವೃತ್ತಿಗಲ್ಲ. ನಮ್ಮ ಬ್ಯಾಂಕಿನವನ ಸರದಿ ಬಂದಾಗ ಎರಡು ಪುಟವನ್ನು ಜೇಬಿನಿಂದ ತೆಗೆದ, ಮಡಚಿ ಮತ್ತೆ ಒಳಗಿಟ್ಟ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಿಷಯ ಹೇಳಿದ.

ಆ ವರ್ಷ ನಮ್ಮ ಪರೀಕ್ಷಾ ಕೇಂದ್ರ ಹೊಳೆಯಾಚೆ ಇತ್ತು. ಬೆಳಗಿನ ಲಾಂಚ್ ಕೈಕೊಟ್ಟರೆ ವರ್ಷವೇ ಹೋಯಿತು. ಮೇಷ್ಟ್ರು ನಮ್ಮನ್ನೆಲ್ಲ ಹಿಂದಿನ ದಿನವೇ ದಾಟಿಸಿ ಪರಿಚಯದವರೊಬ್ಬರ ಅಡಿಕೆ ಗೋದಾಮಿನಲ್ಲಿ ಉಳಿಸಿದ್ದರು, ಪರೀಕ್ಷೆ ಮುಗಿಯುವವರೆಗೂ. ಗೋಣಿಚೀಲದ ಮೇಲೆ ಜಮಖಾನೆ. ಹುಡುಗಿಯರು ಆ ಮನೆಯ ಒಳಗೆ, ಅಮ್ಮಾವರ ಜೊತೆ. ಅಮ್ಮಾವರೇ ಅಡುಗೆ. ರಾತ್ರಿ ಒಂಬತ್ತಕ್ಕೆ ಲೈಟು ಆರಿಸುತ್ತಿದ್ದರು, ಓದಲು ಬಿಡುತ್ತಿರಲಿಲ್ಲ. "ಗಣಿತದ ಹಿಂದಿನ ರಾತ್ರಿ ನಾನು ಅತ್ತೆ. ಸರ್ ಏನೂ ಸಮಾಧಾನ ಹೇಳ್ಲಿಲ್ಲ. ಒಂದು ಅಡಿಕೆ ಗೊನೆ ತಂದು ಮುಂದೆ ಇಟ್ಟು ಎಣಿಸು ಅಂದ್ರು. ಎಣಿಸ್ತಾ ಎಣಿಸ್ತಾ ನಿದ್ದೆ ಬಂತು. ನಲವತ್ತೊಂದು ಮಾರ್ಕ್ಸ್ ಬಂತು. ಈಗ ದುಡ್ಡು ಎಣಿಸ್ತಿದ್ದೀನಿ" ಎಂದು ಹೇಳಿ ಕೂತುಬಿಟ್ಟ. ಅಷ್ಟು ಹೊತ್ತು ಮೊಬೈಲು ನೋಡುತ್ತಿದ್ದ ಜನವೆಲ್ಲ ತಲೆಯೆತ್ತಿ ಚಪ್ಪಾಳೆ ಹೊಡೆದರು.

ಆಮೇಲೆ ಎದ್ದವನು ನಮಗಿಂತ ಎರಡು ವರ್ಷ ಹಿರಿಯ, ಲಾಂಚಿನಲ್ಲಿ ಕೆಲಸ ಮಾಡಿಕೊಂಡಿದ್ದವನು. ಮೈಕು ಹಿಡಿದು ಅಭ್ಯಾಸವಿಲ್ಲ, ಬಾಯಿಗೆ ತೀರಾ ಹತ್ತಿರ ಹಿಡಿದಿದ್ದ. "ಶನಿವಾರ ಮಧ್ಯಾಹ್ನ ಸರ್ ಲಾಂಚಿಗೆ ಬರ್ತಿದ್ರು. ದೊಡ್ಡ ಕೈಚೀಲ. ನಾನೇ ಇಳಿಸಿಕೊಡ್ತಿದ್ದೆ. ಅದರಲ್ಲಿ ಏನಿರ್ತಿತ್ತು ಅಂತ ಕೇಳೋಕೆ ಧೈರ್ಯ ಇರ್ಲಿಲ್ಲ. ಇವತ್ತು ಕೇಳ್ತಿದ್ದೀನಿ ಸರ್."

ಹೆಡ್‌ಮಾಷ್ಟ್ರು ಕೂತಲ್ಲಿಂದಲೇ ಹೇಳಿದರು: "ನಿಮ್ಮದೇ ಕಾಗದ ಕಣೋ. ಜಾತಿ, ಆದಾಯ, ಸ್ಕಾಲರ್‌ಶಿಪ್ಪು. ನಿಮ್ಮಪ್ಪನ ಜಮೀನಿನ ಅರ್ಜಿನೂ ಇತ್ತು."

ಮುಳುಗಡೆಯ ಮನೆಗಳಿಗೆ ಒಂದು ಸರ್ಟಿಫಿಕೇಟು ಎಂದರೆ ಒಂದು ದಿನದ ಕೂಲಿ, ಲಾಂಚು, ಬಸ್ಸು, ಸಾಹೇಬರು ಇಲ್ಲವೆಂದರೆ ಮತ್ತೊಂದು ದಿನ. ಹಾಗಾಗಿ ಎಷ್ಟೋ ಮನೆಯವರು ಸ್ಕಾಲರ್‌ಶಿಪ್ಪೇ ಬೇಡ ಎನ್ನುತ್ತಿದ್ದರು. ನಮ್ಮ ಅರ್ಜಿಗಳು ಸಾಗರಕ್ಕೆ ಹೇಗೆ ಹೋಗಿ ಹೇಗೆ ಬರುತ್ತಿದ್ದವು ಎಂದು ನಾವ್ಯಾರೂ ಯೋಚಿಸಿದವರಲ್ಲ. ನನ್ನ ಮಟ್ಟಿಗೆ ಇಡೀ ಸಭೆಯಲ್ಲಿ ಅವರಿಗೆ ಸಂದ ನಿಜವಾದ ಅಭಿನಂದನಾ ಪತ್ರ ಆ ಪ್ರಶ್ನೆಯೇ.

ಊಟ ಮಾವಿನ ಕಾಲದ ಊಟ. ಅಪ್ಪೆಹುಳಿಯನ್ನು ಲೋಟದಲ್ಲಿ ಕುಡಿದವರೇ ಹೆಚ್ಚು. ಹಲಸಿನ ಹಪ್ಪಳ ಸಾಲದೆ ಬಂತು.

ಊಟವಾದ ಮೇಲೆ ನಾವು ಎಣಿಸಿರದ ಕೆಲಸವೊಂದು ಕಾದಿತ್ತು. ಸಂಜೆಯೊಳಗೆ ಹಿರಿಯ ಸಹಶಿಕ್ಷಕರಿಗೆ ಪ್ರಭಾರ ವಹಿಸಿಕೊಡಬೇಕು, ದಾಸ್ತಾನು ಪುಸ್ತಕ ತಾಳೆಯಾಗಬೇಕು. ಪಂಚೆ ಎತ್ತಿ ಕಟ್ಟಿ ಲ್ಯಾಬಿನ ಬೀರು ತೆಗೆದರು. ನಾವೆಲ್ಲ ಎಣಿಕೆಗೆ ನಿಂತೆವು. ಬೀಕರು, ಪಿಪೆಟ್ಟು, ಸುಣ್ಣ ಹಿಡಿದ ಪ್ರನಾಳಗಳು, ಮುಳ್ಳು ಅಲ್ಲಾಡದ ಗ್ಯಾಲ್ವನೋಮೀಟರು, ಮೂಗು ಮುರಿದ ಅಸ್ಥಿಪಂಜರದ ಮಾದರಿ. ಲೇತಿನವನು ತಕ್ಕಡಿಯ ಸಡಿಲಾದ ತಿರುಪನ್ನು ನಾಣ್ಯದಿಂದ ಬಿಗಿ ಮಾಡಿದ. ಒಂದು ಪೀನ ಮಸೂರ ಕಮ್ಮಿ ಬಂತು. ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಅದು ಸಿಕ್ಕಿದ್ದು ಹೆಡ್‌ಮಾಷ್ಟ್ರ ಮೇಜಿನ ಖಾನೆಯಲ್ಲೇ. ಸಣ್ಣ ಅಕ್ಷರ ಓದಲು ಇಟ್ಟುಕೊಂಡಿದ್ದರಂತೆ. "ಕಳ್ಳ ಸಿಕ್ಕಿದ" ಎಂದು ತಾವೇ ನಕ್ಕು, ಪುಸ್ತಕದಲ್ಲಿ ಗುರುತು ಹಾಕಿ ಬೀರುವಿನಲ್ಲಿಟ್ಟರು.

ಪಕ್ಕದಲ್ಲಿ ಕಿರಿಯ ಮೇಷ್ಟ್ರೊಬ್ಬರು ಖಜಾನೆಯ ಗೆಳತಿಯ ಫೈಲನ್ನು ಆಸೆಯಿಂದಲೇ ತಿರುವಿ ನೋಡುತ್ತಿದ್ದರು. 2006ರ ಏಪ್ರಿಲ್ 1ರ ನಂತರ ಸೇರಿದವರು ಅವರು, ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆಯವರು. ಹಳೇ ಪಿಂಚಣಿಯ ಕಾಗದ ಅವರ ಪಾಲಿಗೆ ನೋಡುವುದಕ್ಕಷ್ಟೇ.

ಬೀಗದ ಕೈ ಗೊಂಚಲು ಕೈ ಬದಲಾಯಿತು. ಯಾವ ಬೀಗಕ್ಕೆ ಯಾವುದು ಎಂದು ಹೇಳುವುದರಲ್ಲೇ ಕಾಲು ಗಂಟೆ ಹೋಯಿತು. ನಾವು ಹೊರಟಾಗ "ಸೇತುವೆ ಮೇಲೆ ನಿಲ್ಲಿಸಿ ಫೋಟೋ ಗೀಟೋ ತೆಗೀಬೇಡಿ, ಗಾಡಿ ಜೋರು ಬರ್ತವೆ" ಎಂದರು. ನಿಲ್ಲಿಸಲಿಲ್ಲ. ನಲವತ್ತು ದಾಟಿದವರು ಹೆಡ್‌ಮಾಷ್ಟ್ರ ಮಾತಿಗೆ ಹೆದರಿ ಕಿಟಕಿಯಿಂದಲೇ ಫೋಟೋ ತೆಗೆದರು.

ಸಾಗರ ನಿಲ್ದಾಣದಲ್ಲಿ ರೈಲಿಗೆ ಕಾಯುವಾಗ ಗೆಳತಿ ಫೈಲು ಬಿಚ್ಚಿ ಇನ್ನೊಮ್ಮೆ ನೋಡಿದಳು. ಪಾಸ್‌ಬುಕ್ಕಿನ ನಕಲಿಗೆ ಸಹಿ ಬಿಟ್ಟುಹೋಗಿತ್ತು. ತಲೆ ಚಚ್ಚಿಕೊಂಡು ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಅದಕ್ಕೇನಮ್ಮ, ನಾಳೆ ಬೆಳಗ್ಗೆ ಬಸ್ಸಿಗೆ ಬಂದು ಹಾಕ್ತೀನಿ. ಸೇತುವೆ ಇದೆಯಲ್ಲ" ಎಂದರು ಹೆಡ್‌ಮಾಷ್ಟ್ರು. ಆಮೇಲೆ ಒಂದು ಕ್ಷಣ ಬಿಟ್ಟು, "ತಾಲ್ಲೂಕಾಫೀಸು ನಾಳೆ ತೆಗೆದಿರುತ್ತಲ್ವಾ? ಇಲ್ಲಿ ಇಬ್ಬರು ಹುಡುಗರದ್ದು ಆದಾಯ ಸರ್ಟಿಫಿಕೇಟು ಬಾಕಿ ಇದೆ."