ಟೈಲ್ಸ್ ಕೆಳಗಿನ ಕೆಲಸ

ಮುಂಬೈ ಮತ್ತು ಸುತ್ತಮುತ್ತ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಮಾತು ನಿಲ್ಲಿಸುವುದು ಸಾಮಾನ್ಯವಾಗಿ ಬಾತ್‌ರೂಮ್ ಸೋರಿಕೆ. ಡೊಂಬಿವಲಿಯಿರಲಿ, ಮುಲುಂಡ್ ಇರಲಿ, ಸೀಲಿಂಗಿನಲ್ಲಿ ಹಳದಿ ಕಲೆ ಕಂಡ ಕೂಡಲೇ ಸೊಸೈಟಿಗೆ ಅರ್ಜಿ ಹೋಗುತ್ತದೆ. ಆಮೇಲೆ ನಾಕಾದಿಂದ, ಅಂದರೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ವೃತ್ತದಿಂದ, ಯಾರನ್ನೋ ಕರೆತಂದು ಟೈಲ್ಸ್ ಒಡೆಸುತ್ತಾರೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಒಂದೆರಡು ದಿನ ಬೇಕು. ಆ ದಿನಗಳಿಗೆ ಕೂಲಿ ಕೊಡಲು ಯಾರಿಗೂ ಮನಸ್ಸಿಲ್ಲ, ಹಾಗಾಗಿ ಯಾರೂ ಹುಡುಕುವುದಿಲ್ಲ.

ಒಳ್ಳೆಯ ಮಿಸ್ತ್ರಿ ಸುತ್ತಿಗೆ ಹಿಡಿಯುವ ಮೊದಲು ಕೇಳುವುದು ಹನಿ ಬೀಳುವ ಹೊತ್ತನ್ನು. ಹಗಲೂ ರಾತ್ರಿ ಒಂದೇ ಸಮ ಹನಿಯುತ್ತಿದ್ದರೆ ನೀರಿನ ಪೈಪಿನ ಮೇಲೆ ಅನುಮಾನ. ಟೆರೇಸಿನಲ್ಲಿ ಆ ಮನೆಯ ವಾಲ್ವ್ ಮುಚ್ಚಿದಾಗ ಹನಿ ಕಡಿಮೆಯಾದರೆ ಅನುಮಾನ ಖಾತ್ರಿಯಾಯಿತು. ಸ್ನಾನವಾದ ಮೇಲೆ ಶುರುವಾಗಿ ಆಮೇಲೆ ತಾನೇ ನಿಂತರೆ ನಹಾಣಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ) ಅಥವಾ ಟೈಲ್ಸ್ ಸಂದು. ಮಳೆಗಾಲದಲ್ಲಿ ಮಾತ್ರ ಒದ್ದೆಯಾಗುತ್ತಿದ್ದರೆ ಹೊರಗೋಡೆ ಇಲ್ಲವೇ ಟೆರೇಸು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಉಪವಿಧಿಗಳ ಪ್ರಕಾರ ಮಳೆನೀರಿನ ಸೋರಿಕೆ ಮತ್ತು ಹೊರಗಿನ ಸಾಮಾನ್ಯ ಪೈಪುಗಳ ರಿಪೇರಿ ಸೊಸೈಟಿಯ ಖರ್ಚು, ಮನೆಯೊಳಗಿನ ಟಾಯ್ಲೆಟ್, ಸಿಂಕು, ಪೈಪುಗಳದ್ದು ಸದಸ್ಯರ ಖರ್ಚು. ಮೀಟಿಂಗಿನಲ್ಲಿ ಕೂಗಾಡುವ ಮೊದಲು ಇಷ್ಟು ತಿಳಿದಿದ್ದರೆ ಗಂಟಲಾದರೂ ಉಳಿಯುತ್ತದೆ.

ಟ್ರ್ಯಾಪೋ ಸಂದೋ ಎಂದು ಬೇರ್ಪಡಿಸಲು ಅಡುಗೆಯ ಬಣ್ಣ ಸಾಕು. ನೆಲ ಒಣಗಿಸಿ, ಬಣ್ಣದ ನೀರನ್ನು ನೆಲಕ್ಕೆ ತಾಗದಂತೆ ನೇರ ಟ್ರ್ಯಾಪಿನೊಳಗೆ ಹೊಯ್ದು ಒಂದು ದಿನ ಕಾಯಬೇಕು. ಕೆಳಗೆ ಬಣ್ಣ ಕಾಣದಿದ್ದರೆ ಟ್ರ್ಯಾಪಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಂಚು ನೀರು ನಿಲ್ಲಿಸಿ ಇನ್ನೊಂದು ಬಣ್ಣ ಹಾಕಬೇಕು. ಅವಸರ ಮಾಡಿದರೆ ಮೋಸ ಹೋಗುತ್ತೀರಿ. ಪೈಪುಗಳಿಗಾಗಿ ತಗ್ಗಿಸಿದ ಬಾತ್‌ರೂಮ್ ಸ್ಲ್ಯಾಬಿನಲ್ಲಿ ತುಂಬಿದ ಇಟ್ಟಿಗೆ ಚೂರು ನೀರು ಹೀರಿಕೊಂಡು ತಡವಾಗಿ ಬಿಡುತ್ತದೆ, ಇವತ್ತಿನ ಹನಿ ನಿನ್ನೆಯ ನೀರಾಗಿರಬಹುದು.

ಸಂದು ಮಾತ್ರ ಹೋಗಿದ್ದರೆ ಎಲ್ಲ ಒಡೆಯಬೇಕಾಗಿಲ್ಲ. ಹಳೆಯ ವೈಟ್ ಸಿಮೆಂಟ್ ಕೆರೆದು ತೆಗೆದು, ಸಂದು ಪೂರ್ತಿ ಒಣಗಿಸಿ, ಎಪಾಕ್ಸಿ ಗ್ರೌಟ್ ತುಂಬಿದರೆ ಸಾಕು. ಆದರೆ ಸಂದು ಹಾಳಾಗಿದ್ದು ಯಾಕೆ? ಬಹಳ ಮನೆಗಳಲ್ಲಿ ಕಾರಣ ನೆಲ ಉಜ್ಜುವ ಆ್ಯಸಿಡ್. ಅದು ಕೊಳೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ.

ಪೂರ್ತಿ ಒಡೆಯಬೇಕಾಗಿ ಬಂದರೆ ಇಟ್ಟಿಗೆ ಚೂರಿನ ಹಳೆಯ ಭರ್ತಿಯನ್ನು ಸ್ಲ್ಯಾಬ್ ಕಾಣುವವರೆಗೂ ತೆಗೆಯಬೇಕು. ಡೆಬ್ರಿಸ್ ಹೊರುವ ಖರ್ಚು ಉಳಿಸಲು ಅರ್ಧಕ್ಕೆ ಬಿಟ್ಟು ಮೇಲೆ ನೀರು ತಡೆಯುವ ಕೋಟಿಂಗ್ ಬಳಿಯುವವರು ಬೇಕಾದಷ್ಟು ಜನ. ಗೋಡೆ ನೆಲ ಸೇರುವ ಮೂಲೆಗೆ ಗಾರೆಯ ವಾಟಾ ಕಟ್ಟಿ ದುಂಡಗೆ ಮಾಡಬೇಕು, ಚೂಪು ಮೂಲೆಯಲ್ಲಿ ಕೋಟಿಂಗ್ ಸೀಳುತ್ತದೆ. ಗಾರೆಗೆ ಬೆರೆಸುವ ಲಿಕ್ವಿಡ್ ವಾಟರ್‌ಪ್ರೂಫಿಂಗ್ ಸಾಮಾನ್ಯವಾಗಿ 50 ಕೆಜಿ ಸಿಮೆಂಟ್ ಚೀಲಕ್ಕೆ 200 ಮಿಲಿ. ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ, ಕೈಯಳತೆ ಬೇಡ.

ಇನ್ನು ನಹಾಣಿ ಟ್ರ್ಯಾಪ್. ಪಿವಿಸಿ ಮೈ ನುಣುಪು, ಸಿಮೆಂಟ್ ಅದನ್ನು ಕಚ್ಚುವುದಿಲ್ಲ. ಗಾರೆ ಒಣಗಿ ಕುಗ್ಗಿದಾಗ ಪೈಪಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರಿಗೆ ಅಷ್ಟು ದಾರಿ ಸಾಕು. ಪಳಗಿದ ಗೌಂಡಿ ಪೈಪಿನ ಹೊರಮೈಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪಿವಿಸಿ ಅಂಟಿಸುವ ಸಾಲ್ವೆಂಟ್ ಸಿಮೆಂಟ್ ಬಳಿದು, ಹಸಿಯಿರುವಾಗಲೇ ಒಣ ಮರಳು ಉದುರಿಸುತ್ತಾನೆ. ಒಣಗಿದ ಮೇಲೆ ಮೈ ತರಿತರಿಯಾಗಿ ಗಾರೆಗೆ ಹಿಡಿತ ಸಿಗುತ್ತದೆ. ಸುತ್ತ ಕುಗ್ಗದ ಗ್ರೌಟ್ ತುಂಬುತ್ತಾನೆ. ಹತ್ತು ನಿಮಿಷದ ಕೆಲಸ, ಬಿಲ್ಲಿನಲ್ಲಿ ಇದಕ್ಕೆ ಸಾಲೇ ಇರುವುದಿಲ್ಲ. ನಾಕಾದಲ್ಲಿ ಕಲಬುರಗಿ, ವಿಜಯಪುರ ಕಡೆಯವರು ಸಿಕ್ಕರೆ ಕನ್ನಡದಲ್ಲೇ ಕೇಳಿ ನೋಡಿ: "ಪೈಪಿಗೆ ಉಸುಕು ಹಚ್ಚತೀರೇನ್ರಿ?" ಉತ್ತರದಲ್ಲೇ ಕೈ ಎಂಥದು ಎಂದು ಗೊತ್ತಾಗುತ್ತದೆ.

ಕೋಟಿಂಗ್ ಎರಡು ಸಲ. ಮೊದಲನೆಯದು ಒಣಗಿದ ಮೇಲೆ ಎರಡನೆಯದನ್ನು ಅಡ್ಡಡ್ಡ ಬಳಿಯಬೇಕು, ಆಗ ಬ್ರಷ್ ಬಿಟ್ಟ ಜಾಗ ಮುಚ್ಚುತ್ತದೆ. ಗೋಡೆಗೆ ಒಂದಡಿ, ಶವರ್ ಕಡೆ ಆರಡಿ ಎತ್ತರಕ್ಕೆ. ಪೂರ್ತಿ ಒಣಗಿದ ಮೇಲೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ 48 ಗಂಟೆ ಬಿಡಿ. ಭರ್ತಿ, ಇಳಿಜಾರು ಮುಗಿದ ಮೇಲೆ, ಟೈಲ್ಸ್ ಕೂರಿಸುವ ಮೊದಲು ಇನ್ನೊಮ್ಮೆ. ಈ ಎರಡನೇ ಟೆಸ್ಟನ್ನೇ ಎಲ್ಲರೂ ಹಾರಿಸುವುದು. ಇಟ್ಟಿಗೆ ಚೂರಿನ ಮೂಲೆ ಕೋಟಿಂಗನ್ನು ಚುಚ್ಚಿದ್ದರೆ ಅದು ಬಯಲಾಗುವುದು ಇಲ್ಲಿಯೇ.

ಹೊಸ ಪೈಪನ್ನು ಗೋಡೆಯೊಳಗೆ ಮುಚ್ಚುವ ಮೊದಲು ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷಿಸಬೇಕು. ಮೊದಲು ಒಳಗಿನ ಗಾಳಿ ಬಿಡಿ, ಇಲ್ಲದಿದ್ದರೆ ಗೇಜ್ ತಪ್ಪು ಹೇಳುತ್ತದೆ. ಮುಳ್ಳು ಒಂದು ಗಂಟೆ ಅಲ್ಲಾಡಬಾರದು. ಮುಚ್ಚುವ ಮೊದಲು ಟೇಪ್ ಹಿಡಿದು ಪೈಪಿನ ಫೋಟೋ ತೆಗೆಸಿಕೊಳ್ಳಿ. ಮುಂದೆ ಗೀಸರ್ ಬಿಗಿಸಲು ಬರುವವನಿಗೆ ಡ್ರಿಲ್ ಎಲ್ಲಿ ಇಡಬಾರದೆಂದು ತಿಳಿಯುತ್ತದೆ.

ಮೇಲಿನವರು ಬಾಗಿಲು ತೆರೆಯದಿದ್ದಾಗ ಕೆಳಗಿನ ಸೀಲಿಂಗಿಗೆ ಇಂಜೆಕ್ಷನ್ ಹೊಡೆಯುವ, ಅಂದರೆ ತೂತು ಕೊರೆದು ಬಿರುಕು ಮುಚ್ಚುವ ದ್ರವ ತುಂಬುವ ಸಲಹೆ ಬರುತ್ತದೆ. ಕಲೆ ಕೆಲಕಾಲ ಮಾಯವಾಗುತ್ತದೆ, ನೀರು ಮಾತ್ರ ಸ್ಲ್ಯಾಬಿನೊಳಗೇ ದಾರಿ ಹುಡುಕುತ್ತಿರುತ್ತದೆ. ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟಿನ ಪದರ ಕಳಚಿ ಬೀಳುತ್ತದೆ. ಇದನ್ನು ಗಿರಾಕಿಗೆ ಹೇಳದೆ ಇಂಜೆಕ್ಷನ್ ಮಾರುವುದು ನನ್ನ ಲೆಕ್ಕದಲ್ಲಿ ವಂಚನೆಯೇ.

ಕೋಟೇಶನ್ನಿನಲ್ಲಿ ಮಜೂರಿ, ಸಾಮಾನು, ಡೆಬ್ರಿಸ್ ಸಾಗಣೆ ಬೇರೆ ಬೇರೆ ಇರಲಿ. ಸಾಮಾನಿಗೆ ಅಂಗಡಿಯ ಪಕ್ಕಾ ಬಿಲ್ ಕೇಳಿ, ಕಮಿಷನ್ ಸೇರಿಕೊಳ್ಳುವುದು ಅಲ್ಲಿ. ಕೊನೆಯ ಕಂತು ಎರಡನೇ ವಾಟರ್ ಟೆಸ್ಟ್ ಮುಗಿದ ಮೇಲೆಯೇ ಎಂದು ಬರೆಸಿ, ಇಬ್ಬರೂ ಸಹಿ ಹಾಕಿ.